ಖಾಲಿ ಹೊಟ್ಟೆ ಶುಗರ್ 97, ಎಚ್‌ಬಿಎ1ಸಿ 6.0. ಯಾವುದನ್ನು ನಂಬಲಿ?

ರಾತ್ರಿಪಾಳಿ
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬರೀ ಓದುತ್ತಿದ್ದವಳು, ಮೊದಲ ಸಲ ಬರೆಯುತ್ತಿದ್ದೇನೆ. ವಯಸ್ಸು 41. ಎತ್ತರ 158 ಸೆಂ.ಮೀ., ತೂಕ 54 ಕೆ.ಜಿ. ಯಾರು ನೋಡಿದರೂ "ನಿನಗೇನಮ್ಮ, ಕಡ್ಡಿ ಹಾಗಿದ್ದೀಯ" ಅಂತಾರೆ. ಅಮ್ಮನಿಗೆ 48ಕ್ಕೇ ಸಕ್ಕರೆ ಕಾಯಿಲೆ ಬಂತು. ಸುಮ್ನೆ ಒಂದು ಸಲ ನೋಡಿಬಿಡೋಣ ಅಂತ ರಕ್ತ ಕೊಟ್ಟೆ.

ಖಾಲಿ ಹೊಟ್ಟೆ ಶುಗರ್ 97. ಪಕ್ಕದಲ್ಲಿ ನಾರ್ಮಲ್ ಅಂತ ಅಚ್ಚಾಗಿದೆ. ಎಚ್‌ಬಿಎ1ಸಿ 6.0. ಅದರ ಪಕ್ಕ ಪ್ರಿಡಯಾಬಿಟಿಸ್ ಅಂತಿದೆ. ಪ್ಯಾಕೇಜಿನಲ್ಲಿ ಇದ್ದುದರಿಂದ ಇನ್ಸುಲಿನ್ ಕೂಡ ನೋಡಿದ್ದಾರೆ, 16. ರಕ್ತದ ಕೊಬ್ಬಿನಲ್ಲಿ ಟ್ರೈಗ್ಲಿಸರೈಡ್ 190, ಒಳ್ಳೆ ಕೊಲೆಸ್ಟ್ರಾಲ್ ಅಂತಾರಲ್ಲ ಆ ಎಚ್‌ಡಿಎಲ್ 38. ಒಂದೇ ಕಾಗದದಲ್ಲಿ ಒಂದು ಸಾಲು ಹೆದರಬೇಡ ಅನ್ನುತ್ತೆ, ಇನ್ನೊಂದು ಸಾಲು ಹೆದರು ಅನ್ನುತ್ತೆ. ಯಾವುದನ್ನು ನಂಬಲಿ?

ಹೆಸರೇ ಹೇಳುವ ಹಾಗೆ ಕೆಲಸ ರಾತ್ರಿ ಪಾಳಿ. 11 ವರ್ಷ ಆಯ್ತು.

ತಿಳಿಸಾರು
ಖಾಲಿ ಹೊಟ್ಟೆದು ನಾರ್ಮಲ್ ಬಂದಿದೆಯಲ್ಲ ಮೇಡಂ, ಬಿಡಿ. ಸಿಹಿ ಸ್ವಲ್ಪ ಕಡಿಮೆ ಮಾಡಿ, ಸಾಕು. ತೆಳ್ಳಗಿರೋರಿಗೆ ಶುಗರ್ ಬರಲ್ಲ.

ನಿವೃತ್ತ ಸ್ಟೆತಸ್ಕೋಪು
ತಿಳಿಸಾರು ಅವರೇ, ಆ ಕೊನೆಯ ವಾಕ್ಯ ನಂಬಿ ಕೆಟ್ಟವರನ್ನು 34 ವರ್ಷ ನೋಡಿದ್ದೇನೆ. ದಯವಿಟ್ಟು ಹಾಗೆ ಬರೆಯಬೇಡಿ.

ರಾತ್ರಿಪಾಳಿಯವರಿಗೆ: ಆ ಎರಡು ಸಾಲು ಜಗಳ ಆಡುತ್ತಿಲ್ಲ. ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿವೆ. ಖಾಲಿ ಹೊಟ್ಟೆಯದು ಆ ಒಂದು ಬೆಳಿಗ್ಗೆಯ ಲೆಕ್ಕ. ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸರಾಸರಿ. ಊಟ ಆದಮೇಲೆ ಮಾತ್ರ ಶುಗರ್ ಏರುವವರಲ್ಲಿ ಮೊದಲನೆಯದು ಚೆನ್ನಾಗೇ ಇರುತ್ತೆ, ಎರಡನೆಯದು ಸ್ವಲ್ಪ ಏರಿರುತ್ತೆ.

ಆದರೆ ನನ್ನ ಕಣ್ಣು ನಿಂತಿದ್ದು ಈ ಎರಡರ ಮೇಲೂ ಅಲ್ಲ. ಇನ್ಸುಲಿನ್ 16 ಅಂದಿದ್ದೀರಲ್ಲ, ಅದರ ಮೇಲೆ. ಕಿವಿ ಮಂದವಾದ ಅಜ್ಜನನ್ನು ಊಟಕ್ಕೆ ಕರೆಯೋದು ನೆನಪಿಸಿಕೊಳ್ಳಿ. ಮೊದಲು ಮೆಲ್ಲಗೆ ಕರೆದರೆ ಬರುತ್ತಿದ್ದರು. ಆಮೇಲೆ ಸ್ವಲ್ಪ ಜೋರಾಗಿ. ಈಗ ಕಿರುಚಬೇಕು. ಅಜ್ಜ ಬರೋದೇನೋ ಬರುತ್ತಾರೆ, ಹೊತ್ತಿಗೆ ಸರಿಯಾಗಿಯೇ ಬರುತ್ತಾರೆ. ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿ ಇದೆ ಅನ್ನಿಸುತ್ತೆ. ಕರೆಯುವವರ ಗಂಟಲಿನ ಕಥೆ ಯಾರೂ ಕೇಳಲ್ಲ. ಇಲ್ಲಿ ಅಜ್ಜ ಅಂದರೆ ಸ್ನಾಯು, ಲಿವರ್ ಮತ್ತು ಕೊಬ್ಬಿನ ಜೀವಕೋಶಗಳು. ಕೂಗು ಅಂದರೆ ಇನ್ಸುಲಿನ್, ರಕ್ತದ ಶುಗರ್ ಒಳಗೆ ತಗೊಳ್ಳಿ ಅನ್ನೋ ಕರೆ. ಗಂಟಲು ಅಂದರೆ ಅದನ್ನು ತಯಾರಿಸುವ ಪ್ಯಾಂಕ್ರಿಯಾಸ್‌ನ ಬೀಟಾ ಕೋಶಗಳು. ನಿಮ್ಮ 97 ಅಂದರೆ ಅಜ್ಜ ಹೊತ್ತಿಗೆ ಬಂದರು ಅಂತಷ್ಟೇ. ಎಷ್ಟು ಕಿರುಚಬೇಕಾಯಿತು ಅನ್ನೋದು ಅದರಲ್ಲಿ ಬರೆದಿರಲ್ಲ. ಇದಕ್ಕೇ ಇನ್ಸುಲಿನ್ ರೆಸಿಸ್ಟೆನ್ಸ್ ಅನ್ನೋದು.

ಇದು ಹೊಸ ಮಾತೂ ಅಲ್ಲ. 1936ರಲ್ಲೇ ಹೆರಾಲ್ಡ್ ಹಿಮ್ಸ್‌ವರ್ತ್ ಎಂಬ ವೈದ್ಯರು ಒಂದು ವಿಷಯ ತೋರಿಸಿದರು. ಕೆಲವು ಡಯಾಬಿಟಿಸ್ ರೋಗಿಗಳಿಗೆ ಇನ್ಸುಲಿನ್ ಕೊಟ್ಟರೆ ಶುಗರ್ ಸರ್ರನೆ ಇಳಿಯುತ್ತೆ, ಇನ್ನು ಕೆಲವರಲ್ಲಿ ಅಲುಗಾಡುವುದೇ ಇಲ್ಲ. ರಕ್ತದಲ್ಲಿ ಇನ್ಸುಲಿನ್ ಎಷ್ಟಿದೆ ಅಂತ ಅಳೆಯುವ ವಿಧಾನವೇ ಆಗ ಇರಲಿಲ್ಲ. ಅದನ್ನು ಯಾಲೋ ಮತ್ತು ಬರ್ಸನ್ ಎಂಬ ವಿಜ್ಞಾನಿಗಳು ಕಂಡುಹಿಡಿದ ಮೇಲೆ ನೋಡಿದರೆ, ದೊಡ್ಡವರಾದ ಮೇಲೆ ಡಯಾಬಿಟಿಸ್ ಬಂದ ಎಷ್ಟೋ ಜನರಲ್ಲಿ ಇನ್ಸುಲಿನ್ ಕಡಿಮೆ ಇರಲಿಲ್ಲ. ಬೇಕಾದಷ್ಟಿತ್ತು. ಆ ಕೆಲಸಕ್ಕೆ ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು.

ಲೆಕ್ಕದ ಮೇಷ್ಟ್ರು
ಡಾಕ್ಟ್ರ ಅಜ್ಜನಿಗೆ ನಾನೊಂದು ಅಂಕಿ ಕೊಡುತ್ತೇನೆ. ಇನ್ಸುಲಿನ್ ರೆಸಿಸ್ಟೆನ್ಸ್ ಎಷ್ಟಿದೆ ಅಂತ ಅಂದಾಜು ಮಾಡೋಕೆ ಹೋಮಾ-ಐಆರ್ ಅಂತ ಒಂದು ಸೂತ್ರ ಇದೆ. 1985ರಲ್ಲಿ ಆಕ್ಸ್‌ಫರ್ಡ್‌ನವರು ಮಾಡಿದ್ದು. ಖಾಲಿ ಹೊಟ್ಟೆ ಶುಗರ್ ಮತ್ತು ಖಾಲಿ ಹೊಟ್ಟೆ ಇನ್ಸುಲಿನ್ ಎರಡನ್ನೂ ಗುಣಿಸಿ 405ರಿಂದ ಭಾಗಿಸಬೇಕು. 97 ಗುಣಿಸು 16, 1552. ಭಾಗಿಸಿದರೆ 3.8. ಒಂದರ ಆಸುಪಾಸು ಇದ್ದರೆ ಒಳ್ಳೆಯದು, ಎರಡೂವರೆ ದಾಟಿದರೆ ಯೋಚನೆ ಮಾಡಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಮೇಡಂ, ನಿಮ್ಮ ಪ್ಯಾಂಕ್ರಿಯಾಸ್ ಓವರ್‌ಟೈಮ್ ಮಾಡುತ್ತಿದೆ.

ಬೂದು ಮುಚ್ಚಳ
ಲ್ಯಾಬಿನಲ್ಲಿ ಕೆಲಸ ಮಾಡುವವನು. ಮೇಷ್ಟ್ರೇ, ಗುಣಾಕಾರ ಸರಿ ಇದೆ. ಆದರೆ ಗುಣಿಸಿದ ಅಂಕಿಗಳ ಮೇಲೆ ಅಷ್ಟು ಭರವಸೆ ಇಡಬೇಡಿ. ಇನ್ಸುಲಿನ್ ಪರೀಕ್ಷೆಗೆ ಎಲ್ಲ ಲ್ಯಾಬಿಗೂ ಒಪ್ಪಿಗೆಯಾದ ಒಂದೇ ಅಳತೆಗೋಲು ಇಲ್ಲ. ಒಂದು ಕಂಪನಿಯ ಮಷೀನಿನಲ್ಲಿ 16 ಬಂದದ್ದು ಇನ್ನೊಂದರಲ್ಲಿ 12 ಬರಬಹುದು. ಅದಕ್ಕೇ ಎಲ್ಲರಿಗೂ ಈ ಪರೀಕ್ಷೆ ಮಾಡಿಸಿ ಅಂತ ಡಯಾಬಿಟಿಸ್ ಸಂಘಗಳು ಹೇಳೋದಿಲ್ಲ. ಸಂಶೋಧನೆಗೆ ಸರಿ, ಒಬ್ಬರ ಹಣೆಬರಹ ಓದೋಕಲ್ಲ.

ಇನ್ನೊಂದು ಮಾತು, ಇದು ನನ್ನ ಹೆಸರಿಗೂ ಸಂಬಂಧಪಟ್ಟದ್ದು. ಶುಗರ್‌ಗೆ ರಕ್ತ ತೆಗೆಯುವಾಗ ಬೂದು ಬಣ್ಣದ ಮುಚ್ಚಳದ ಟ್ಯೂಬ್ ಬಳಸುತ್ತೇವೆ, ಗಮನಿಸಿದ್ದೀರಾ? ಅದರೊಳಗೆ ಫ್ಲೋರೈಡ್ ಇರುತ್ತೆ. ಯಾಕೆ ಅಂದರೆ, ಮೈಯಿಂದ ಹೊರಗೆ ಬಂದಮೇಲೂ ರಕ್ತಕಣಗಳು ಶುಗರ್ ತಿನ್ನುತ್ತಲೇ ಇರುತ್ತವೆ. ಮಾಮೂಲಿ ಟ್ಯೂಬಿನಲ್ಲಿ ಹಾಗೇ ಬಿಟ್ಟರೆ ಗಂಟೆಗೆ ಶೇ. 5ರಿಂದ 7ರಷ್ಟು ಕಡಿಮೆಯಾಗುತ್ತೆ. ಫ್ಲೋರೈಡ್ ಇದ್ದರೂ ಮೊದಲ ಒಂದೆರಡು ಗಂಟೆ ಪೂರ್ತಿ ನಿಲ್ಲಲ್ಲ. ಬೆಳಿಗ್ಗೆ ಏಳಕ್ಕೆ ತೆಗೆದ ರಕ್ತ ಮಧ್ಯಾಹ್ನ ಮಷೀನಿಗೆ ಹೋದರೆ 104 ಇದ್ದದ್ದು 97 ಆಗಿ ನಾರ್ಮಲ್ ಪಟ್ಟಿಗೆ ಸೇರೋದು ದೊಡ್ಡ ಮಾತಲ್ಲ. ನಿಮ್ಮದು ಹಾಗೇ ಆಗಿದೆ ಅಂತ ಹೇಳುತ್ತಿಲ್ಲ. ಗಡಿಯ ಹತ್ತಿರದ ಅಂಕಿಯನ್ನು ಕಲ್ಲಿನಲ್ಲಿ ಕೆತ್ತಬೇಡಿ ಅಂತ ಅಷ್ಟೇ.

ಹಾಂ, ಮೇಡಂ, ನಿಮ್ಮ ಹಿಮೋಗ್ಲೋಬಿನ್ ಎಷ್ಟು?

ರಾತ್ರಿಪಾಳಿ
9.8. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತೆ, ವರ್ಷಗಳಿಂದ ಹೀಗೇ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಬೂದು ಮುಚ್ಚಳ
ಇದೆ. ಎಚ್‌ಬಿಎ1ಸಿ ಅಂದರೆ ಹಿಮೋಗ್ಲೋಬಿನ್‌ಗೆ ಎಷ್ಟು ಶುಗರ್ ಅಂಟಿಕೊಂಡಿದೆ ಅನ್ನೋ ಲೆಕ್ಕ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತೆ ಅಂತ ಇಟ್ಟುಕೊಂಡು ಮಾಡಿದ ಲೆಕ್ಕ ಅದು. ಕಬ್ಬಿಣ ಕಡಿಮೆ ಇದ್ದಾಗ ಹೊಸ ಕಣಗಳು ನಿಧಾನವಾಗಿ ಹುಟ್ಟುತ್ತವೆ, ಹಳೆಯವೇ ಜಾಸ್ತಿ ಸುತ್ತಾಡುತ್ತವೆ. ಹಳೆಯದಕ್ಕೆ ಅಂಟು ಜಾಸ್ತಿ. ಶುಗರ್ ಏರದಿದ್ದರೂ ಎಚ್‌ಬಿಎ1ಸಿ ಸ್ವಲ್ಪ ಏರಿದಂತೆ ಕಾಣಬಹುದು. ರಕ್ತಕಣ ಬೇಗ ಒಡೆಯುವ ಕಾಯಿಲೆಯಲ್ಲಿ ಇದರ ಉಲ್ಟಾ, ಸುಳ್ಳೇ ಕಡಿಮೆ ತೋರಿಸುತ್ತೆ. ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ನೋಡಿಸಿ.

ರಾತ್ರಿಪಾಳಿ
ಅಯ್ಯೋ ದೇವರೇ. ಹಾಗಾದರೆ ಆ 6.0 ಸುಳ್ಳೇ? ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಿಲ್ಲ ನಾನು. (ಅಲ್ಲ, ನಂದು ಹಗಲು ನಿದ್ದೆ. ಎರಡು ಹಗಲು.)

ಅನುಮಾನಪ್ಪ
ನೋಡಿದಿರಾ? ಇದನ್ನೇ ನಾನು ಯಾವಾಗಲೂ ಹೇಳೋದು. ಪ್ರಿಡಯಾಬಿಟಿಸ್ ಅನ್ನೋದೇ ಒಂದು ಹಣೆಪಟ್ಟಿ. 2003ರ ತನಕ ಖಾಲಿ ಹೊಟ್ಟೆ ಶುಗರ್‌ಗೆ ಅಮೆರಿಕದ ಡಯಾಬಿಟಿಸ್ ಸಂಘದ ಗಡಿ 110 ಇತ್ತು. ಅದನ್ನು 100ಕ್ಕೆ ಇಳಿಸಿದರು. ಹಿಂದಿನ ರಾತ್ರಿ ಆರಾಮಾಗಿ ಮಲಗಿದ ಕೋಟ್ಯಂತರ ಜನ ಬೆಳಿಗ್ಗೆ ಏಳುವಷ್ಟರಲ್ಲಿ ರೋಗಿಗಳಾಗಿದ್ದರು! ವಿಶ್ವ ಆರೋಗ್ಯ ಸಂಸ್ಥೆ ಇವತ್ತಿಗೂ 110 ಅಂತಲೇ ಇಟ್ಟುಕೊಂಡಿದೆ. ಎಚ್‌ಬಿಎ1ಸಿ 5.7 ಅನ್ನೋ ಗಡಿಯನ್ನೂ ಅವರು ಒಪ್ಪಿಲ್ಲ. ಗಡಿಯನ್ನೇ ಹೀಗೆ ಎಳೆದಾಡಿದರೆ ಅದು ಕಾಯಿಲೆ ಹೇಗಾಗುತ್ತೆ? ಈ ಪಟ್ಟಿ ಹಚ್ಚಿಸಿಕೊಂಡವರಲ್ಲಿ ಎಷ್ಟೋ ಜನ ಏನೂ ಮಾಡದೆಯೇ ನಾರ್ಮಲ್‌ಗೆ ವಾಪಸ್ ಬರುತ್ತಾರೆ.

ನಿವೃತ್ತ ಸ್ಟೆತಸ್ಕೋಪು
ಅನುಮಾನಪ್ಪನವರೇ, ನೀವು ಹೇಳಿದ ಒಂದೊಂದು ವಿಷಯವೂ ನಿಜ. ಅದು ಕಾಯಿಲೆ ಅಲ್ಲ ಅನ್ನೋದನ್ನೂ ಒಪ್ಪುತ್ತೇನೆ. ಅಪಾಯದ ಸೂಚನೆ ಅಷ್ಟೇ. ಹಣೆಪಟ್ಟಿ ಅನ್ನೋ ಪದ ನನಗೂ ಇಷ್ಟ ಆಯ್ತು.

ಆದರೆ ಆ ಪಟ್ಟಿ ಇರುವವರಿಗೆ ಏನಾಗುತ್ತೆ ಅಂತ ಕಾದು ನೋಡಿದವರಿದ್ದಾರೆ. ಲಂಡನ್ನಿನ ಸರ್ಕಾರಿ ನೌಕರರನ್ನು ವರ್ಷಗಟ್ಟಲೆ ಹಿಂಬಾಲಿಸಿದ ವೈಟ್‌ಹಾಲ್ ಅಧ್ಯಯನದ ಒಂದು ಲೆಕ್ಕ 2009ರಲ್ಲಿ ಬಂತು. ಡಯಾಬಿಟಿಸ್ ಬಂದವರ ಹಳೆಯ ರಿಪೋರ್ಟುಗಳನ್ನು ಹಿಂದಕ್ಕೆ ಓದಿದರು. ಖಾಲಿ ಹೊಟ್ಟೆ ಶುಗರ್ ಎಷ್ಟೋ ವರ್ಷ ತೆವಳಿಕೊಂಡು ಬಂದು, ಕೊನೆಯ ಮೂರು ವರ್ಷದಲ್ಲಿ ಸುಮಾರು 104ರಿಂದ 133ಕ್ಕೆ ಹಾರಿತ್ತು. ಇನ್ಸುಲಿನ್ ಮಾತು ಕೇಳದಿರುವುದು ಮಾತ್ರ ಅದಕ್ಕಿಂತ ಮೊದಲೇ, ಐದು ವರ್ಷ ಹಿಂದಿನಿಂದಲೇ ಜೋರಾಗಿತ್ತು. ಬೀಟಾ ಕೋಶಗಳು ನಡುವೆ ಒಂದು ವರ್ಷ ಸ್ವಲ್ಪ ಹೆಚ್ಚು ಶ್ರಮ ಹಾಕಿದ ಹಾಗೆ ಕಾಣುತ್ತೆ. ಆಮೇಲೆ ಕೈಚೆಲ್ಲಿದವು. ಅಜ್ಜನನ್ನು ಕರೆಯುವವರ ಗಂಟಲು ಕಟ್ಟಿದ್ದು ಆಗ. ಶುಗರ್ ಕೊನೆಗೆ ಬರುವ ಸುದ್ದಿ ಸ್ವಾಮಿ. ಅದನ್ನೇ ಕಾಯುತ್ತಾ ಕೂತರೆ ತಡ ಆಗುತ್ತೆ.

ಅನುಮಾನಪ್ಪ
ಸರಿ ಡಾಕ್ಟ್ರೇ. ಮೊದಲೇ ಗೊತ್ತಾಗಿ ಏನು ಮಾಡಬೇಕು? ಅದನ್ನು ಹೇಳಿ. ಗೊತ್ತಾದರೆ ತಪ್ಪಿಸೋಕಾಗುತ್ತಾ?

ಲೆಕ್ಕದ ಮೇಷ್ಟ್ರು
ಇದಕ್ಕೆ ನಾನು ಹೇಳುತ್ತೇನೆ. ಡಯಾಬಿಟಿಸ್ ತಪ್ಪಿಸಬಹುದಾ ಅಂತ ನೋಡಿದ ಅಮೆರಿಕದ ಡಿಪಿಪಿ ಪ್ರಯೋಗ, 2002ರಲ್ಲಿ ಫಲಿತಾಂಶ ಬಂದದ್ದು. 3234 ಜನ. ಮೂರು ಗುಂಪು. ಮಾತ್ರೆಯ ಹೆಸರಲ್ಲಿ ಏನೂ ಇಲ್ಲದ ಮಾತ್ರೆ ತಿಂದವರಲ್ಲಿ ವರ್ಷಕ್ಕೆ 100ಕ್ಕೆ 11 ಜನರಿಗೆ ಡಯಾಬಿಟಿಸ್ ಬಂತು. ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ತಿಂದವರಲ್ಲಿ ಸುಮಾರು 8. ತೂಕದಲ್ಲಿ ಶೇ. 7 ಇಳಿಸಿ, ವಾರಕ್ಕೆ 150 ನಿಮಿಷ ನಡೆಯಿರಿ ಅಂದ ಗುಂಪಿನಲ್ಲಿ ಸುಮಾರು 5. ಶೇಕಡಾ ಲೆಕ್ಕದಲ್ಲಿ 58ರಷ್ಟು ಕಡಿಮೆ. ಮಾತ್ರೆಗಿಂತ ನಡಿಗೆಯೇ ಗೆದ್ದಿತು.

ಅನುಮಾನಪ್ಪ
ಮೇಷ್ಟ್ರೇ, ಆ ಪ್ರಯೋಗಕ್ಕೆ ದಪ್ಪ ಇದ್ದವರನ್ನೇ ತಗೊಂಡಿದ್ದು. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ, ಸರಾಸರಿ 34. ನಮ್ಮ ಮೇಡಂ 54 ಕೆ.ಜಿ. ಇವರು ಎಲ್ಲಿಂದ ಶೇ. 7 ಇಳಿಸಬೇಕು, ಮೂಳೆಯಿಂದಲಾ?

ಬಹಳ ಹೊತ್ತು ಯಾರೂ ಉತ್ತರ ಕೊಡಲಿಲ್ಲ, ಗಮನಿಸಿದ್ದೇನೆ :)

ನಿವೃತ್ತ ಸ್ಟೆತಸ್ಕೋಪು
ಮೊಮ್ಮಗಳ ಜೊತೆ ಇದ್ದೆ ಸ್ವಾಮಿ. ಪ್ರಶ್ನೆ ಒಳ್ಳೆಯದು.

ಚೀನಾದ ಡಾಚಿಂಗ್ ಊರಿನಲ್ಲಿ 1986ರಲ್ಲಿ ಶುರುವಾದ ಪ್ರಯೋಗ ಇದೆ. 577 ಜನ, ಎಲ್ಲರಿಗೂ ಗ್ಲೂಕೋಸ್ ಕುಡಿದ ಮೇಲಿನ ಶುಗರ್ ಏರಿತ್ತು. ಅದರಲ್ಲಿ ತೆಳ್ಳಗಿದ್ದವರೂ ಬಹಳ ಇದ್ದರು. ಊಟ, ವ್ಯಾಯಾಮದ ಲಾಭ ಅವರಿಗೂ ಸಿಕ್ಕಿತು. ಆರು ವರ್ಷ ಮಾಡಿಸಿ ಬಿಟ್ಟರು. 30 ವರ್ಷ ಆದಮೇಲೆ ನೋಡಿದರೆ ಡಯಾಬಿಟಿಸ್ ಬರುವುದು ಸುಮಾರು 4 ವರ್ಷ ಮುಂದಕ್ಕೆ ಹೋಗಿತ್ತು, ಹೃದಯದ ತೊಂದರೆಗಳು ಶೇ. 26ರಷ್ಟು ಕಡಿಮೆ. "ಬರೀ 4 ವರ್ಷವಾ" ಅಂತ ನೀವು ಕೇಳುತ್ತೀರಿ, ಗೊತ್ತು. ಕಣ್ಣು, ಕಿಡ್ನಿ, ಪಾದದ ನರಗಳಿಗೆ 4 ವರ್ಷ ರಜೆ ಸಿಗೋದು ಸಣ್ಣದಲ್ಲ.

ಇನ್ನು ತೆಳ್ಳಗಿನ ವಿಚಾರ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಬ್ಬರು ವೈದ್ಯರು ತಮ್ಮದೇ ಫೋಟೋ ಹಾಕಿಕೊಂಡರು, ಯಾಜ್ಞಿಕ್ ಮತ್ತು ಯುಡ್ಕಿನ್. ಇಬ್ಬರ ಬಿಎಂಐ ಒಂದೇ, 22.3. ಮೈಯಲ್ಲಿನ ಕೊಬ್ಬು ಅಳೆದರೆ ಒಬ್ಬರಲ್ಲಿ ಶೇ. 9.1, ಇನ್ನೊಬ್ಬರಲ್ಲಿ 21.2. ತಕ್ಕಡಿಗೆ ಕೊಬ್ಬೂ ಒಂದೇ, ಸ್ನಾಯುವೂ ಒಂದೇ. ಕೊಬ್ಬು ಚರ್ಮದ ಕೆಳಗೆ ತನ್ನ ಜಾಗದಲ್ಲಿದ್ದರೆ ಅಷ್ಟು ತೊಂದರೆ ಇಲ್ಲ. ಅಲ್ಲಿ ಜಾಗ ಸಾಲದೆ ಲಿವರ್‌ಗೆ, ಸ್ನಾಯುವಿನ ಒಳಗೆ ನುಗ್ಗಿದಾಗ ಕಿವಿ ಮಂದ ಆಗುತ್ತೆ. ಆ ಜಾಗ ಎಷ್ಟು ಅನ್ನೋದು ಒಬ್ಬೊಬ್ಬರಿಗೆ ಒಂದೊಂದು ಥರ. ಕೆಲವರಿಗೆ 110 ಕೆ.ಜಿ.ಯಲ್ಲೂ ಜಾಗ ಉಳಿದಿರುತ್ತೆ, ಕೆಲವರಿಗೆ 54ಕ್ಕೇ ತುಂಬಿಹೋಗುತ್ತೆ. ನಿಮ್ಮ ಟ್ರೈಗ್ಲಿಸರೈಡ್ ಏರಿರೋದು, ಎಚ್‌ಡಿಎಲ್ ಇಳಿದಿರೋದು ಇದೇ ಕಥೆಯ ಭಾಗ. ಇವೆಲ್ಲ ಗುಂಪಾಗಿ ಬರುತ್ತವೆ ಅಂತ 1988ರಲ್ಲಿ ಜೆರಾಲ್ಡ್ ರೀವನ್ ಎಂಬ ವೈದ್ಯರು ಹೇಳಿದ್ದರು.

ಮೇಡಂ, ಒಂದು ಟೇಪು ತಗೊಂಡು ಸೊಂಟ ಅಳೆಯಿರಿ. ಬಟ್ಟೆಯ ಮೇಲೆ ಅಲ್ಲ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆ, ಇವೆರಡರ ನಡುಮಧ್ಯೆ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ನಾನು ನೋಡದಿದ್ದರೂ ಟೇಪಿಗೆ ಗೊತ್ತಾಗುತ್ತೆ.

ರಾತ್ರಿಪಾಳಿ
84. ಮೂರು ಸಲ ಅಳೆದೆ.

ನಿವೃತ್ತ ಸ್ಟೆತಸ್ಕೋಪು
ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು ಅನ್ನೋದು ಸುಲಭದ ಲೆಕ್ಕ. ನಿಮಗೆ 79. ಕೈಕಾಲು ಕಡ್ಡಿ, ಕೊಬ್ಬು ನಡುವಿನಲ್ಲಿ. ಎಚ್‌ಬಿಎ1ಸಿ ಬದಿಗಿಡಿ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಆದಮೇಲೆ ನೋಡುವ ಪರೀಕ್ಷೆ ಮಾಡಿಸಿ. ಅದಕ್ಕೆ ರಕ್ತಹೀನತೆಯ ಕಾಟ ಇಲ್ಲ.

ಎರಡು ಜಡೆ
ನಾನೂ ಒಂದು ಹೇಳುತ್ತೇನೆ. 16 ವರ್ಷದವಳಿದ್ದಾಗ ನನ್ನ ಕತ್ತಿನ ಹಿಂದೆ ಕಪ್ಪಾಗಿತ್ತು, ಮಖಮಲ್ಲಿನ ಹಾಗೆ ದಪ್ಪ. ಕಂಕುಳಲ್ಲೂ ಹಾಗೇ. ಮನೆಯಲ್ಲಿ ಕೊಳೆ ಅಂದುಕೊಂಡರು. ಉಜ್ಜಿ ಉಜ್ಜಿ ಚರ್ಮ ಕೆಂಪಾಗಿ ಉರಿಯುತ್ತಿತ್ತು, ಕಪ್ಪು ಮಾತ್ರ ಅಲ್ಲೇ. ಎರಡು ಜಡೆ ಬಿಟ್ಟು ಮುಚ್ಚಿಕೊಳ್ಳುತ್ತಿದ್ದೆ. ಮುಟ್ಟು ಮೂರು ತಿಂಗಳಿಗೊಮ್ಮೆ. ಪಿಸಿಓಎಸ್ ಅಂದರು, ಹಾರ್ಮೋನ್ ಏರುಪೇರಂತೆ, ಮಾತ್ರೆ ಕೊಟ್ಟರು. ಬಸಿರಾದಾಗ ಶುಗರ್ ಬಂತು, ಹೆರಿಗೆ ಆದಮೇಲೆ ಹೋಯ್ತು. "ಹೋಯ್ತಲ್ಲ" ಅಂತ ಎಲ್ಲರೂ ಮರೆತರು. ನಾನೂ ಮರೆತೆ. ಆರು ವರ್ಷ ಆದಮೇಲೆ ಕಾಲಿನ ಗಾಯ ಒಣಗದೆ ಹೋದಾಗ ನೋಡಿದರೆ 240.

ಕತ್ತು, ಮುಟ್ಟು, ಬಸಿರು. ಮೂರೂ ಒಂದೇ ದಾರಿಯ ಕಲ್ಲುಗಳು ಅಂತ ನನಗೆ ಗೊತ್ತಾಗಿದ್ದು ಅವತ್ತು. ಬಸಿರಿನಲ್ಲಿ ಶುಗರ್ ಬಂದಿದ್ದವರು ಹೆರಿಗೆಯಾಗಿ 4ರಿಂದ 12 ವಾರದೊಳಗೆ ಒಮ್ಮೆ ನೋಡಿಸಬೇಕಂತೆ. ಆಮೇಲೂ ವರ್ಷ, ಹೆಚ್ಚೆಂದರೆ ಮೂರು ವರ್ಷಕ್ಕೊಮ್ಮೆ ನೋಡಿಸುತ್ತಲೇ ಇರಬೇಕಂತೆ. ನನಗೆ ಯಾರೂ ಹೇಳಲಿಲ್ಲ. ಇದನ್ನು ಓದುತ್ತಿರುವ ಹೆಣ್ಣುಮಕ್ಕಳಿಗೆ ನಾನು ಹೇಳಿದ್ದೇನೆ ಅಂತ ಇರಲಿ.

ಸ್ಕ್ವಾಟ್ ಸಂಗಪ್ಪ
ಎರಡು ಜಡೆ ಅಕ್ಕ, ಇದನ್ನು ಬರೆದಿದ್ದಕ್ಕೆ ಥ್ಯಾಂಕ್ಸ್. ನನ್ನ ತಂಗಿಗೆ ಕಳಿಸಿದೆ.

ಅಜ್ಜನ ಕಥೆಗೆ ನಂದೂ ಒಂದು ತುಣುಕು. ಸ್ನಾಯು ಕೆಲಸ ಮಾಡುವಾಗ ಶುಗರ್ ಒಳಗೆ ತಗೊಳ್ಳೋಕೆ ಇನ್ಸುಲಿನ್ನೇ ಬೇಡ. ಗ್ಲುಟ್4 ಅಂತ ಒಂದು ಪ್ರೋಟೀನ್ ಇದೆ, ಅದೇ ಬಾಗಿಲು. ಇನ್ಸುಲಿನ್ ಹೇಳಿದರೂ ಅದು ಕೋಶದ ಅಂಚಿಗೆ ಬರುತ್ತೆ, ಸ್ನಾಯು ಕುಗ್ಗಿ ಹಿಗ್ಗಿದರೂ ಬರುತ್ತೆ. ಅಂದರೆ ಮೈಬಗ್ಗಿಸಿ ದುಡಿದ ಅಜ್ಜ ಹಸಿವಾಗಿ ತಾನಾಗಿಯೇ ಊಟಕ್ಕೆ ಬರುತ್ತಾರೆ, ಕರೆಯೋದೇ ಬೇಡ! ವ್ಯಾಯಾಮ ಮುಗಿದ ಮೇಲೂ ಒಂದೆರಡು ದಿನ ಕಿವಿ ಚುರುಕಾಗಿರುತ್ತೆ. ಅದಕ್ಕೇ ಭಾನುವಾರ ಒಂದೇ ದಿನ ಎರಡು ಗಂಟೆ ಬೆವರು ಹರಿಸೋದಕ್ಕಿಂತ ಎರಡು ದಿನಕ್ಕಿಂತ ಜಾಸ್ತಿ ಗ್ಯಾಪ್ ಬಿಡದೆ ಮಾಡೋದು ಲೇಸು. ಮೇಡಂ ತೂಕ ಇಳಿಸೋದು ಬೇಡ, ತೂಕ ಎತ್ತಲಿ. ಜೊತೆಗೆ ಕಾರ್ಬ್ಸ್ ಪೂರ್ತಿ ಬಿಟ್ಟುಬಿಡಿ, ಮೂರೇ ವಾರದಲ್ಲಿ ಎಲ್ಲ ಸರಿ ಹೋಗುತ್ತೆ.

ಬೂದು ಮುಚ್ಚಳ
ಸಂಗಪ್ಪ, ಕೊನೆಯ ಸಾಲು ಈಗ ಬೇಡ ಮಾರಾಯ. ಕಾರ್ಬ್ಸ್ ಬಿಟ್ಟು ಬಂದು ಗ್ಲೂಕೋಸ್ ಕುಡಿದರೆ ಶುಗರ್ ಸುಳ್ಳೇ ಏರುತ್ತೆ. ಪರೀಕ್ಷೆಗೆ ಮುಂಚೆ ಮೂರು ದಿನ ಮಾಮೂಲಿ ಊಟ ಮಾಡಬೇಕು. ಮೇಡಂ, ಇನ್ನೊಂದು, ಪಾಳಿ ಮುಗಿಸಿ ನೇರ ಲ್ಯಾಬಿಗೆ ಬರಬೇಡಿ. ರಜೆ ಇರುವಾಗ, ಎರಡು ಮೂರು ರಾತ್ರಿ ಮಲಗಿ ಎದ್ದ ಮೇಲೆ ಬನ್ನಿ.

ರಾತ್ರಿಪಾಳಿ
ನಿದ್ದೆಗೂ ಇದಕ್ಕೂ ಅಷ್ಟು ಸಂಬಂಧವೇ?

ನಿವೃತ್ತ ಸ್ಟೆತಸ್ಕೋಪು
1999ರಲ್ಲಿ ಚಿಕಾಗೋದಲ್ಲಿ 11 ಜನ ಆರೋಗ್ಯವಂತ ಹುಡುಗರನ್ನು ಆರು ರಾತ್ರಿ ಬರೀ ನಾಲ್ಕು ನಾಲ್ಕು ಗಂಟೆ ಮಲಗಿಸಿದರು. ಅಷ್ಟಕ್ಕೇ ಅವರ ಮೈ ಶುಗರ್ ಸಂಭಾಳಿಸುವ ರೀತಿ ವಯಸ್ಸಾದವರ ಹಾಗೆ ಆಗಿತ್ತು. ನಿಮ್ಮದು 11 ವರ್ಷ. ಅಲ್ಲದೆ ರಾತ್ರಿ ಹೊತ್ತು ಅದೇ ಊಟಕ್ಕೆ ಶುಗರ್ ಹಗಲಿಗಿಂತ ಜಾಸ್ತಿ ಏರುತ್ತೆ. ಕೆಲಸ ಬಿಡಿ ಅಂತ ಹೇಳೋಕೆ ನಾನ್ಯಾರು. ನಡುರಾತ್ರಿ ದೊಡ್ಡ ಊಟ ಬೇಡ, ಅದನ್ನು ಪಾಳಿಗೆ ಮುಂಚೆಯೇ ಮುಗಿಸಿ. ಹಗಲು ಮಲಗುವ ಕೋಣೆಗೆ ಬೆಳಕು ಬರದ ಹಾಗೆ ಮಾಡಿಕೊಳ್ಳಿ.

ರಾತ್ರಿಪಾಳಿ (12 ದಿನದ ನಂತರ)
ಮಾಡಿಸಿದೆ. ಗ್ಲೂಕೋಸ್ ನೀರು ಅಷ್ಟು ಸಿಹಿ ಇರುತ್ತೆ ಅಂತ ಗೊತ್ತಿರಲಿಲ್ಲ, ಅರ್ಧ ಲೋಟಕ್ಕೇ ಗಂಟಲು ಕಟ್ಟಿತು. ಐದು ನಿಮಿಷದಲ್ಲಿ ಮುಗಿಸಬೇಕು ಅಂದರು. ಆಮೇಲೆ ಎರಡು ಗಂಟೆ ಒಂದೇ ಕುರ್ಚಿ. ಎದ್ದು ಓಡಾಡೋಕೆ ಹೋದರೆ ಸಿಸ್ಟರ್ ಗದರಿದರು. ಸಂಗಪ್ಪ ಹೇಳಿದ ಬಾಗಿಲು ತೆರೆದುಬಿಡುತ್ತೆ ಅಂತ ಆಮೇಲೆ ಹೊಳೆಯಿತು.

ಖಾಲಿ ಹೊಟ್ಟೆ 96. ಎರಡು ಗಂಟೆಗೆ 168. ಫೆರಿಟಿನ್ 6.

ಅನುಮಾನಪ್ಪ
140ರ ಒಳಗೆ ಇರಬೇಕಿತ್ತು. 200 ದಾಟಿದರೆ ಡಯಾಬಿಟಿಸ್. ಮಧ್ಯದಲ್ಲಿದ್ದೀರಿ. ಈ ಗಡಿಗೆ ನನ್ನ ತಕರಾರಿಲ್ಲ ಮೇಡಂ, ಇದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪುತ್ತೆ. ಎಚ್‌ಬಿಎ1ಸಿ ಸುಳ್ಳು ಅಂತ ಕುಣಿದಾಡಿದ್ದು ನಾನೇ ಮೊದಲು. ತಪ್ಪಾಯ್ತು.

ನಿವೃತ್ತ ಸ್ಟೆತಸ್ಕೋಪು
6.0 ಎಷ್ಟು ನಿಜ, ಎಷ್ಟು ಸುಳ್ಳು ಗೊತ್ತಿಲ್ಲ. ಆದರೆ ಬೆಟ್ಟು ತೋರಿಸಿದ ದಿಕ್ಕು ಸರಿಯೇ ಇತ್ತು. ಖಾಲಿ ಹೊಟ್ಟೆಯದು ಏರಿದ್ದರೆ ಲಿವರ್ ಮೇಲೆ ಜಾಸ್ತಿ ಅನುಮಾನ, ರಾತ್ರಿಯಿಡೀ ಶುಗರ್ ಮಾಡಿ ರಕ್ತಕ್ಕೆ ಬಿಡುವುದು ಅದೇ. ನಿಮ್ಮ ಥರ ಗ್ಲೂಕೋಸ್ ಕುಡಿದ ಮೇಲೆ ಏರುವವರಲ್ಲಿ ಮುಖ್ಯವಾಗಿ ಸ್ನಾಯುವಿನ ಕಿವಿ ಮಂದ. ಹಾಗಾಗಿ ಸಂಗಪ್ಪನ ಮದ್ದು ನಿಮಗೆ ಹೇಳಿ ಮಾಡಿಸಿದ್ದು, ಮೂರು ವಾರದ ಮಾತು ಬಿಟ್ಟು. ನಿಮ್ಮ ವೈದ್ಯರ ಹತ್ತಿರ ಈ ಕಾಗದ ತಗೊಂಡು ಹೋಗಿ. ಮುಟ್ಟಿನ ತೊಂದರೆ ಮೊದಲು ನೋಡಿಸಿ. ಕಬ್ಬಿಣ ಇಲ್ಲದೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತೆ, ವ್ಯಾಯಾಮ ಎಲ್ಲಿಂದ ಮಾಡುತ್ತೀರಿ.

ರಾತ್ರಿಪಾಳಿ (5 ತಿಂಗಳ ನಂತರ)
ಕೆಲವರು ವಿಚಾರಿಸುತ್ತಿದ್ದರು, ಅದಕ್ಕೆ ಬರೆಯುತ್ತಿದ್ದೇನೆ. ಹಿಮೋಗ್ಲೋಬಿನ್ 12.4. ಸೊಂಟ 80. ತೂಕ ಅರ್ಧ ಕೆ.ಜಿ. ಜಾಸ್ತಿಯೇ ಆಗಿದೆ, ತಕ್ಕಡಿ ನೋಡುವುದು ಬಿಟ್ಟಿದ್ದೇನೆ. ಊಟ ಆದಮೇಲೆ ಕೆಲಸದ ಜಾಗದಲ್ಲೇ ಮೂರು ಮಹಡಿ ಹತ್ತಿ ಇಳಿಯುತ್ತೇನೆ, ಹತ್ತು ನಿಮಿಷ. ವಾರಕ್ಕೆ ಮೂರು ದಿನ ತೂಕ ಎತ್ತುವುದು. ಟ್ರೈಗ್ಲಿಸರೈಡ್ 132. ಎಚ್‌ಬಿಎ1ಸಿ 5.6. ಗ್ಲೂಕೋಸ್ ಪರೀಕ್ಷೆ ವರ್ಷ ತುಂಬಿದ ಮೇಲೆ ಅಂದಿದ್ದಾರೆ.

ಅನುಮಾನಪ್ಪ
ಸಂತೋಷ ಮೇಡಂ. ಆದರೆ ಕೇಳದೆ ಇರೋಕಾಗಲ್ಲ. 5.6 ಆಗಿದ್ದು ಮೆಟ್ಟಿಲಿನಿಂದಲೋ, ಕಬ್ಬಿಣದಿಂದಲೋ?

ರಾತ್ರಿಪಾಳಿ
ಅದನ್ನೇ ನಮ್ಮ ಡಾಕ್ಟರಿಗೂ ಕೇಳಿದೆ. ನಕ್ಕು ಸುಮ್ಮನಾದರು. ಅದಕ್ಕೇ ನಾನು ಆ ಅಂಕಿ ಬಿಟ್ಟು ಟೇಪು ಹಿಡಿದಿದ್ದೇನೆ. ಹೋದ ವಾರ ತಮ್ಮ ಬಂದಿದ್ದ. ಅಮ್ಮ ಅವನಿಗೂ ಅಮ್ಮನೇ ಅಲ್ವಾ. ನಿಲ್ಲಿಸಿ ಅಳೆದೆ. ಎತ್ತರ 172, ಸೊಂಟ 97. "ಟೇಪು ಸರಿ ಇಲ್ಲ" ಅಂದ. ಇನ್ನೊಂದು ಟೇಪು ತಂದೆ. ಶನಿವಾರ ಖಾಲಿ ಹೊಟ್ಟೆಯಲ್ಲಿ ಬರುತ್ತೇನೆ ಅಂತ ಒಪ್ಪಿದ್ದಾನೆ.